ಪೊರಕೆಕಡ್ಡಿಯ ಅಳತೆ, ಪೇಟೆಂಟಿನ ಇಂಗ್ಲಿಷು

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಮೊದಲ ಪಾಳಿಯ ಸೈರನ್ ಇನ್ನೂ ಕೂಗಿಲ್ಲ. ಕಟ್ಟಡಗಳಿಗೆ ಹೊರಹೊದಿಕೆ ಮಾಡುವ ಕಾರ್ಖಾನೆಯೊಂದರ ಹಿಂಬದಿಯ ಬಯಲಲ್ಲಿ, ಪರೀಕ್ಷೆಗೆಂದೇ ಕಟ್ಟಿದ, ಯಾವ ಮನೆಗೂ ಸೇರದ ಒಂದು ಗೋಡೆ ನಿಂತಿದೆ. ಅದಕ್ಕೆ ಬೆಳ್ಳಿಬಣ್ಣದ ಅಲ್ಯೂಮಿನಿಯಂ ಶೀಟು ಹೊದಿಸಿದ್ದಾರೆ. ಸುಚಿತ್ರಾ ಚಪ್ಪಲಿ ಬದಿಗಿಟ್ಟು ಕಲ್ಲಿನ ಮೇಲೆ ಹತ್ತಿ, ಎರಡು ಶೀಟುಗಳ ನಡುವಿನ ಸಂದಿಗೆ ತೆಂಗಿನ ಪೊರಕೆಕಡ್ಡಿಯೊಂದನ್ನು ಬುಡದ ಕಡೆಯಿಂದ ತೂರಿಸುತ್ತಾರೆ. ಕಡ್ಡಿ ಸಲೀಸಾಗಿ ಹೋಗುತ್ತದೆ. ಆಮೇಲಷ್ಟೇ ಸ್ಟೀಲಿನ ಅಳತೆಪಟ್ಟಿ ಹಿಡಿದು ಪುಸ್ತಕದಲ್ಲಿ ಬರೆಯುತ್ತಾರೆ: ಬೆಳಿಗ್ಗೆ ಆರು ಹತ್ತು, ಮೂರೂವರೆ ಮಿಲಿಮೀಟರ್. ಬಿಸಿಲು ಏರಿದ ಮೇಲೆ, ಎರಡು ಗಂಟೆಗೆ, ಮತ್ತೆ ಇದೇ ಕಲ್ಲು ಹತ್ತಬೇಕು.

ಸಂಬಳದ ಚೀಟಿಯ ಪ್ರಕಾರ ಈ ಮೂವತ್ತಾರರ ಹೆಣ್ಣುಮಗಳು ಟೈಪಿಸ್ಟು. ಮಾಡುವ ಕೆಲಸವೇ ಬೇರೆ. ಇಲ್ಲಿನ ಫಿಟ್ಟರುಗಳು ಕೈಯಲ್ಲಿ ಕಂಡುಕೊಂಡದ್ದನ್ನು ಪೇಟೆಂಟಿನ ಇಂಗ್ಲಿಷಿಗೆ ಇಳಿಸಿ ಬೆಂಗಳೂರಿನ ವಕೀಲರಿಗೆ ಕಳಿಸುವುದು ಅವರೇ. ಆ ಇಂಗ್ಲಿಷಿದೆಯಲ್ಲ, ಅದು ಜಗತ್ತಿನಲ್ಲಿ ಯಾರ ಮನೆಮಾತೂ ಅಲ್ಲ. ಅದರಲ್ಲಿ ಯಾರೂ ಬೈಯುವುದಿಲ್ಲ, ಯಾರೂ ಮಗುವನ್ನು ಮಲಗಿಸುವುದಿಲ್ಲ. ಒಂದು ಪದ ಸಡಿಲವಾದರೆ ಮಾತ್ರ ಬೇರೆ ಕಂಪನಿಯವನು ಅದೇ ಸಂದಿಯಲ್ಲಿ ನುಸುಳಿ ಇವರ ಕೆಲಸವನ್ನು ತನ್ನದೆನ್ನುತ್ತಾನೆ.

ಹೊದಿಕೆಗೇ ಎಷ್ಟು ಪದ ಎಂದು ಕೇಳಿದರೆ ಸುಚಿತ್ರಾ ಅವರ ಮುಖ ಅರಳುತ್ತದೆ. ಕೇಳುವವರು ಅಪರೂಪ ತಾನೇ. "ಗೋಡೆಗೆ ಸುಣ್ಣ ಬಳೀತೀವಲ್ಲ, ಅದು ಕೋಟಿಂಗು. ಹಗೇವಿನ ಒಳಗೆ ಸುತ್ತ ಹುಲ್ಲು ಕಟ್ಟಿ ರಾಗಿ ತುಂಬ್ತಾರೆ, ಆ ಹುಲ್ಲು ಲೈನಿಂಗು. ಮಳೆಗಾಲದಲ್ಲಿ ಮಣ್ಣುಗೋಡೆ ನೆನೀದಂಗೆ ಹೊರಗಡೆ ತೆಂಗಿನಗರಿ ತಡಿಕೆ ಕಟ್ತೀವಿ ನೋಡಿ, ಅದು ಕ್ಲ್ಯಾಡಿಂಗು. ಮನೆ ಭಾರ ಅದು ಹೊರಲ್ಲ. ಬಿಸಿಲು ಮಳೆ ಹೊರ್ತದೆ."

ಅಷ್ಟಕ್ಕೇ ಮುಗಿಯುವುದಿಲ್ಲ. ಕೇಬಲ್ಲಿನವರು ಗಾಜಿನ ಎಳೆಯ ಸುತ್ತಲಿನ ಗಾಜನ್ನೂ ಕ್ಲ್ಯಾಡಿಂಗ್ ಅನ್ನುತ್ತಾರೆ, ವೆಲ್ಡಿಂಗಿನವರು ಲೋಹದ ಮೇಲೆ ಕರಗಿಸಿ ಕೂರಿಸಿದ ಲೋಹವನ್ನೂ ಹಾಗೇ ಅನ್ನುತ್ತಾರೆ. ಆದ್ದರಿಂದ ನಮ್ಮದು ಕಟ್ಟಡದ ಹೊರಮೈಯ ಹೊದಿಕೆ ಎಂದು ಮೊದಲ ಪುಟದಲ್ಲೇ ಕಟ್ಟುಹಾಕಬೇಕು. 'ಕಂಪ್ರೈಸಿಂಗ್' ಎಂದರೆ ಇಷ್ಟಂತೂ ಇದೆ, ಬೇರೆಯೂ ಇರಬಹುದು. 'ಕನ್ಸಿಸ್ಟಿಂಗ್ ಆಫ್' ಎಂದರೆ ಇಷ್ಟೇ, ಬಾಗಿಲು ಹಾಕಿದೆ. ಇಂಥ ಆರುನೂರ ಹನ್ನೆರಡು ಪದಗಳು ಅವರ ರಟ್ಟಿನ ಪುಸ್ತಕದಲ್ಲಿ ಕನ್ನಡ ಅರ್ಥದೊಂದಿಗೆ ಕೂತಿವೆ. ವಸ್ತುವಿನ ಹೆಸರಾದರೆ ಅದನ್ನು ಕೈಯಲ್ಲಿ ಮುಟ್ಟಿ ನೋಡದೆ ಅರ್ಥ ಬರೆಯುವುದಿಲ್ಲ. ಈ ಶಿಸ್ತನ್ನು ಯಾವ ಕಾಲೇಜೂ ಕಲಿಸಲಿಲ್ಲ, ಒಂದು ತಪ್ಪು ಕಲಿಸಿತು.

ಕನಕಪುರದಲ್ಲಿ ಬಿ.ಎ. ಮುಗಿಸಿ, ಟೈಪಿಂಗ್ ಸೀನಿಯರ್ ಪಾಸಾಗಿ 2001ರಲ್ಲಿ ಇಲ್ಲಿಗೆ ಬಂದವರು. ಬಾಡಿಗೆ ಕೋಣೆ, ಒಂದು ಸ್ಟವ್, ಒಂದು ರೇಡಿಯೋ. ಏನು ಕೆಲಸವೆಂದು ಅವ್ವ ಚಿನ್ನಮ್ಮ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾರೆ. ಬರೆಯೋದು ಎಂದರೆ ಯಾರಿಗೆ ಎಂದು ಮತ್ತೆ ಕೇಳುತ್ತಾರೆ. ಆಫೀಸಿನವರಿಗೆ ಆಕೆ ಶೆಡ್ಡಿನವಳು, ಶೆಡ್ಡಿನವರಿಗೆ ಆಫೀಸಿನ ಮೇಡಂ. ಊಟದ ಡಬ್ಬಿ ಬಿಚ್ಚಲು ಎರಡೂ ಕಡೆ ಜಾಗವಿಲ್ಲ. ಒಂದು ಪದದ ಬಗ್ಗೆ ಗಂಟೆಗಟ್ಟಲೆ ಮಾತಾಡಲು ಸಿಕ್ಕಿದ್ದು ಒಬ್ಬರೇ, ಉಯ್ಯಂಬಳ್ಳಿಯ ಹಿರಿಯ ಫಿಟ್ಟರ್ ಬೋರಲಿಂಗಯ್ಯ.

ಶೀಟನ್ನು ಸ್ಕ್ರೂ ಹೊಡೆಯದೆ ಗೋಡೆಗೆ ತೂಗುಹಾಕುವ ಕೊಕ್ಕೆಯೊಂದನ್ನು ಬೋರಲಿಂಗಯ್ಯ ಒಂಬತ್ತು ವರ್ಷ ತಿದ್ದಿ ತೀಡಿ ಮಾಡಿದ್ದರು. ಬಿಸಿಲಿಗೆ ಶೀಟು ಹಿಗ್ಗಿದರೂ ಡುಬ್ಬ ಏಳುತ್ತಿರಲಿಲ್ಲ. 2004ರಲ್ಲಿ ಅದಕ್ಕೆ ಪೇಟೆಂಟ್ ಅರ್ಜಿ ಬರೆಯುವ ಕೆಲಸ ಸುಚಿತ್ರಾ ಅವರಿಗೆ ಬಿತ್ತು. ಆಫೀಸಿನವರು ಬಿಡುವು ಕೊಟ್ಟಿದ್ದು ಊಟದ ನಂತರ. ಸುಡುಬಿಸಿಲಿನಲ್ಲಿ ಹೋಗಿ ಸಂದಿ ಅಳೆದರು, ಒಂದು ಮಿಲಿಮೀಟರ್ ಸಿಕ್ಕಿತು, ಅದನ್ನೇ ಬರೆದರು. ಓದಿ ಹೇಳಿದಾಗ ಬೋರಲಿಂಗಯ್ಯ ಸಹಿ ಹಾಕಲು ಒಪ್ಪಲಿಲ್ಲ.

"ಬೆಳಿಗ್ಗೆ ಕಡ್ಡಿ ಬುಡ ಹೋಗ್ಬೇಕು, ಮದ್ಯಾನ ತುದಿ ಹೋದ್ರೆ ಸಾಕು. ಅದ್ನೇ ಬುಟ್ಬುಟ್ರೆ ಇನ್ನೇನ್ ಬರ್ದೆ ಕಣವ್ವ?" ಎಂದಿದ್ದರಂತೆ. ಮುದುಕರ ಹಟವೆಂದುಕೊಂಡು, ಅವರ ಸಮಾಧಾನಕ್ಕೆ, ಏಳನೇ ಪುಟದ ಕೊನೆಗೆ ಸುಚಿತ್ರಾ ಒಂದು ಸಾಲು ಸೇರಿಸಿದರು: ಸಂದಿಯು ಮುಂಜಾನೆಯ ತಂಪಿಗೆ ಅಗಲ, ಮಧ್ಯಾಹ್ನದ ಬಿಸಿಗೆ ಕಿರಿದು. ವಕೀಲರು ಆ ಸಾಲು ದಂಡವೆಂದು ಕೆಂಪು ಗೆರೆ ಎಳೆದರು. ಯಾಕೋ, ಇವರು ತೆಗೆಯಲಿಲ್ಲ.

ಮೂರು ವರ್ಷದ ಮೇಲೆ ಪೇಟೆಂಟ್ ಕಚೇರಿಯಿಂದ ಆಕ್ಷೇಪಣೆ ಬಂತು. ಒಂದು ಮಿಲಿಮೀಟರ್ ಸಂದಿಯ ಕೊಕ್ಕೆಗಳು ಆಗಲೇ ಇವೆ, ನಿಮ್ಮದರಲ್ಲಿ ಹೊಸತೇನು? ಗಡುವಿನೊಳಗೆ ತಕ್ಕ ಉತ್ತರ ಹೋಗದಿದ್ದರೆ ಒಂಬತ್ತು ವರ್ಷದ ಕೊಕ್ಕೆ ಬೀದಿಪಾಲು, ಯಾರು ಬೇಕಾದರೂ ಮಾಡಿಕೊಳ್ಳಬಹುದು. ಅರ್ಜಿಯಲ್ಲಿ ಮೊದಲೇ ಇಲ್ಲದ ವಿಷಯವನ್ನು ಈಗ ಸೇರಿಸುವಂತೆಯೂ ಇಲ್ಲ. ಬೋರಲಿಂಗಯ್ಯ ನಿವೃತ್ತರಾಗಿ ಊರಿನಲ್ಲಿ ಹಾಸಿಗೆ ಹಿಡಿದಿದ್ದರು. ಸುಚಿತ್ರಾ ಅಂದು ಮೊದಲ ಸಲ ಬೆಳಗಾಗುವ ಮುಂಚೆ ಈ ಗೋಡೆಯ ಹತ್ತಿರ ಬಂದರು. ಕಡ್ಡಿಯ ಬುಡ ಹೋಯಿತು. ಎರಡು ಗಂಟೆಗೆ ತುದಿ ಬಿಟ್ಟು ಬೇರೆ ಹೋಗಲಿಲ್ಲ.

"ಇಲ್ಲೇ ಕೂತು ಅತ್ತುಬಿಟ್ಟೆ. ಅವರು ಅಷ್ಟು ಬಿಡಿಸಿ ಹೇಳಿದ್ರು, ನಾನು ಹಟ ಅಂದ್ಕೊಂಡೆ" ಎನ್ನುತ್ತಾರೆ. ಒಳಗೆ ಹೋಗಿ ಏಳನೇ ಪುಟ ತೆಗೆದರೆ ದಂಡದ ಸಾಲು ಅಲ್ಲೇ ಇತ್ತು. ಬೇರೆಯವರ ಸಂದಿ ಒಂದೇ ಅಳತೆಯದು, ಈ ಕೊಕ್ಕೆಯದು ಬಿಸಿಲಿಗೆ ತಕ್ಕಂತೆ ಬದಲಾಗುವುದು; ಹೊಸತೆಂದರೆ ಅದೇ ತಾನೇ. ಆ ಒಂದು ಸಾಲಿನ ಮೇಲೆ ಹನ್ನೊಂದು ಪುಟದ ಉತ್ತರ ಕಟ್ಟಿದರು; ಗಡುವಿಗೆ ಎರಡು ದಿನ ಮುಂಚೆ ಕಾಗದ ತಲುಪಿತು.

ಕಳೆದ ವರ್ಷ, 2008ರಲ್ಲಿ, ಪೇಟೆಂಟ್ ಮಂಜೂರಾಯಿತು. ಅಷ್ಟರಲ್ಲಿ ಬೋರಲಿಂಗಯ್ಯ ತೀರಿಕೊಂಡು ಎರಡು ತಿಂಗಳಾಗಿತ್ತು. ಸುಚಿತ್ರಾ ಜೆರಾಕ್ಸ್ ಪ್ರತಿ ಹಿಡಿದು ಉಯ್ಯಂಬಳ್ಳಿಯ ಬಸ್ಸು ಹತ್ತಿದರು. ಬೋರಲಿಂಗಯ್ಯನವರ ಹೆಂಡತಿ ಕೆಂಚಮ್ಮ ಕಾಗದವನ್ನು ಮಡಿಲಲ್ಲಿಟ್ಟುಕೊಂಡು, ಗಂಡನ ಹೆಸರಿನ ಮೇಲೆ ಬೆರಳಾಡಿಸಿ, "ನಿನ್ನೆಸ್ರು ಎಲ್ಲೈತವ್ವ?" ಎಂದು ಕೇಳಿದರು. ಬರೆದವರ ಹೆಸರಿಗೆ ಅದರಲ್ಲಿ ಜಾಗ ಇರೋಲ್ಲ ಎಂದು ಇವರು ತಿಳಿಸಿ ಹೇಳಿದರು. ಆ ಮುದುಕಿ ಎದ್ದು, ಹೊಸ ಪೊರಕೆಯಿಂದ ನೆಟ್ಟಗಿನ ಕಡ್ಡಿಯೊಂದನ್ನು ಆರಿಸಿ ಕೊಟ್ಟರು. ಈಗ ಕೈಯಲ್ಲಿರುವುದು ಅದೇ.

ಸೈರನ್ ಕೂಗುತ್ತದೆ. ಗೇಟಿನ ಕಡೆಯಿಂದ ಜನ ಬರತೊಡಗುತ್ತಾರೆ, ಗೋಡೆಯತ್ತ ಯಾರೂ ತಿರುಗುವುದಿಲ್ಲ. ಕಿಟಕಿ ಮೂಲೆಯ ಹೊಸ ಹೊದಿಕೆಗೆ ಈಗ ಬರೆಯುತ್ತಿರುವುದು ಅವರ ಹದಿನಾಲ್ಕನೇ ಅರ್ಜಿ. ಹೆಸರು ಬರಬೇಕೆಂಬ ಆಸೆ ಇಲ್ಲವೇ ಎಂದರೆ ಕಡ್ಡಿಯನ್ನು ಪುಸ್ತಕದೊಳಗಿಟ್ಟು ನಗುತ್ತಾರೆ.

"ಹೆಸರು ಬಿಡಿ. ಯಾರಾದ್ರೂ ಒಬ್ರು ಪೂರ್ತಿ ಓದಿ, ಇಲ್ಲಿ ತಪ್ಪು ಬರ್ದಿದ್ದೀಯ ಅಂತ ಜಗಳಕ್ಕೆ ಬಂದ್ರೆ ಸಾಕು. ಬೋರಣ್ಣ ಬರ್ತಿದ್ರಲ್ಲ, ಹಂಗೆ."