ಅಡ್ಡಗೆರೆ ಇಲ್ಲದ ಚೌಕ

ನಮ್ಮಕ್ಕ ಅಂಗಡಿಯ ಬ್ಯಾಗನ್ನು ಮುಟ್ಟುವುದೇ ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ. ಒಳಗನ್ನು ಹೊರಗೆ ಮಾಡಿ, ಮೂಗಿನ ಹತ್ತಿರ ತಂದು, ಥೂ, ಬರೀ ಅಂಟಿನ ವಾಸನೆ ಎನ್ನುತ್ತಾಳೆ. ಹೊಲಿಯಬೇಕಾದ ಕಡೆ ಅಂಟು ಬಳಿದವರ ವಂಶವನ್ನೆಲ್ಲ ಜಾಲಾಡುತ್ತಾಳೆ. ನನಗೂ ಆ ರೋಗ ಹತ್ತಿದೆ. ಬಸ್ಸಿನಲ್ಲಿ ಮುಂದೆ ನಿಂತವರ ಬ್ಯಾಗಿನಿಂದ ದಾರ ಜೋತಾಡುತ್ತಿದ್ದರೆ ತಿಂದದ್ದೆಲ್ಲ ಬಾಯಿಗೆ ಬಂದಂತಾಗುತ್ತದೆ.

ಅಕ್ಕ ಹನ್ನೊಂದು ವರ್ಷ ಬ್ಯಾಗಿನ ಕಾರ್ಖಾನೆಯಲ್ಲಿದ್ದಳು. ಅವಳದು ಒಂದೇ ಕೆಲಸ, ಹೆಗಲಪಟ್ಟಿಯ ಮೇಲ್ತುದಿಯನ್ನು ಬ್ಯಾಗಿಗೆ ಕೂಡಿಸುವುದು. ಪಟ್ಟಿಯ ಮೇಲೆ ಒಂದು ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡಗೆರೆ ಎಳೆಯಬೇಕು. ಭಾರ ತಡೆಯುವುದು ಆ ಅಡ್ಡಗೆರೆಗಳೇ. ಒಂದು ದಿನ ಮೇಲ್ವಿಚಾರಕ ಬಂದು, ಇನ್ನು ಚೌಕ ಒಂದೇ ಸಾಕು, ಮೇಲೆ ಬಟ್ಟೆ ಮುಚ್ಚುತ್ತದೆ, ಯಾರು ನೋಡುತ್ತಾರೆ ಎಂದನಂತೆ. ಅಕ್ಕ ಅಂದೇ ಕತ್ತರಿ ಕೆಳಗಿಟ್ಟು ಎದ್ದು ಬಂದಳಂತೆ. ಈ ಕತೆಯನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿ, ಗೋಡೆಯ ಮೊಳೆಗೆ ನೇತುಹಾಕಿದ ಹಳೆಯ ಹಾಜರಿ ಕಾರ್ಡು ತೋರಿಸುತ್ತಿದ್ದಳು. ನಂಬರ್ ಇಪ್ಪತ್ತೇಳು. ಅವಳ ಗಂಟಲು ಕಟ್ಟಿದ ದಿನ ನಾನು ಹೇಳುತ್ತಿದ್ದೆ.

ಮನೆಯ ಮುಂದಿನ ಕೋಣೆಯಲ್ಲೇ ನಮ್ಮ ಕೆಲಸ. ಗುಜರಿಯವನಿಂದ ತಂದ ಎರಡು ಕಪ್ಪು ಕಬ್ಬಿಣದ ಹೊಲಿಗೆ ಮೆಷಿನ್ನುಗಳಿವೆ. ತಂದ ದಿನ ಒಂದರ ಹೊಟ್ಟೆಯಲ್ಲಿ ಇಲಿಯ ಗೂಡಿತ್ತು, ಇನ್ನೊಂದರಲ್ಲಿ ಎಣ್ಣೆ ಗೋಂದಿನಂತೆ ಗಟ್ಟಿಯಾಗಿತ್ತು. ಅಕ್ಕ ನಾಲ್ಕು ದಿನ ಸೀಮೆಎಣ್ಣೆ ಹಾಕಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದಳು. ಅದು ನನ್ನ ಬ್ರಷ್ಷು ಎಂದು ಎರಡನೇ ದಿನ ಗೊತ್ತಾಯಿತು. ಈಗ ಅವು ನಾಲ್ಕು ಪದರದ ಕ್ಯಾನ್ವಾಸನ್ನೂ ಗೊಣಗದೆ ಹೊಲಿಯುತ್ತವೆ. ಗೊಣಗುವುದಕ್ಕೆ ನಾವಿಬ್ಬರಿದ್ದೇವಲ್ಲ. ಬೆಟ್ಟ ಹತ್ತುವವರಿಗೆ ಬೆನ್ನುಚೀಲ, ಡೇರೆ ಹೊಲಿದು ಕೊಡುತ್ತೇವೆ. ಪ್ರತಿ ಚೀಲಕ್ಕೂ ಎರಡು ಬಕೆಟ್ ಮರಳು ತುಂಬಿ ಒಂದು ದಿನ ತೊಲೆಗೆ ನೇತುಹಾಕುತ್ತೇವೆ.

ಹೋದ ತಿಂಗಳು ಒಬ್ಬ ಬಡಗಿ ಬಂದ. ಕಂಕುಳಲ್ಲಿ ಒಂದೂವರೆ ವರ್ಷದ ಮಗಳು, ಕೈಯಲ್ಲಿ ಮಗುವನ್ನು ಕೂರಿಸಿ ಬೆನ್ನಿಗೆ ಹಾಕಿಕೊಳ್ಳುವ ಚೀಲ. ಬೆಟ್ಟದ ಮೆಟ್ಟಿಲಿಳಿಯುವಾಗ ಅದರ ಬಲಗಡೆಯ ಪಟ್ಟಿ ಕಿತ್ತು ಬಂದು ಮಗು ಬಿದ್ದು ಗಲ್ಲ ಒಡೆದುಕೊಂಡಿತ್ತು. ಡಾಕ್ಟರು ಮೂರು ಹೊಲಿಗೆ ಹಾಕಿದ್ದರು. ಗಾಯದ ಗುರುತು ಇನ್ನೂ ಕೆಂಪಗಿತ್ತು. ಅಂಗಡಿಯ ಚೀಲವನ್ನು ಇನ್ನು ನಂಬುವುದಿಲ್ಲ, ನಿಮ್ಮ ಹೊಲಿಗೆ ಬಿಡುವುದಿಲ್ಲವಂತೆ, ಎರಡೂ ಪಟ್ಟಿ ಬಿಚ್ಚಿ ಹೊಸದಾಗಿ ಹಾಕಿಕೊಡಿ ಎಂದ.

ಅಕ್ಕ ಎಡಪಟ್ಟಿಯ ಮೇಲಿನ ಬಟ್ಟೆ ಸರಿಸಿದಳು. ಬರೀ ಚೌಕ. ಕತೆಯನ್ನು ಮೊದಲಿನಿಂದ ಶುರುಮಾಡಿ, ಕಾರ್ಡು ತೋರಿಸಿ, ಹೊಲಿಗೆ ಬಿಚ್ಚುತ್ತ ಬಿಚ್ಚುತ್ತ ಬಯ್ದಳು.

"ಇದನ್ನ ಹೊಲ್ದವಳಿಗೆ ಮನೇಲಿ ಮಕ್ಕಳು ಮರಿ ಇರ್ಲಿಲ್ವಾ? ಆ ಕೈಯಲ್ಲೇ ಅನ್ನ ಹೆಂಗೆ ತಿಂದ್ಲೋ, ಹೇಸಿಗೆ."

ಪಟ್ಟಿಯ ಮಡಿಕೆಯೊಳಗಿಂದ ಉಗುರಿನಷ್ಟು ಬಟ್ಟೆಯ ಚೀಟಿ ನೆಲಕ್ಕೆ ಬಿತ್ತು. ಕಾರ್ಖಾನೆಯಲ್ಲಿ ತಪ್ಪು ಯಾರದೆಂದು ಹಿಡಿಯಲು ಪ್ರತಿಯೊಬ್ಬರೂ ತಮ್ಮ ನಂಬರಿನ ಚೀಟಿಯನ್ನು ಮಡಿಕೆಯಲ್ಲಿಟ್ಟು ಹೊಲಿಯಬೇಕಿತ್ತು. ಬಿದ್ದದ್ದು ಇಪ್ಪತ್ತೇಳು.

ನಾನು ಅದರ ಮೇಲೆ ಕಾಲಿಟ್ಟೆ. ಬಡಗಿ ಮಗುವಿನ ಮೂಗು ಒರೆಸುತ್ತಿದ್ದ, ನೋಡಿರಲಿಲ್ಲ. ಅಷ್ಟಕ್ಕೇ ಮುಗಿಸಬಹುದಿತ್ತು.

"ಕಾಲು ತೆಗಿಯೇ," ಎಂದಳು ಅಕ್ಕ.

ಬಗ್ಗಿ ಚೀಟಿ ಎತ್ತಿ, ಮೊಳೆಯಿಂದ ಕಾರ್ಡು ತೆಗೆದು, ಎರಡನ್ನೂ ಅವನ ಮುಂದೆ ಹಿಡಿದಳು.

"ಇದು ನನ್ ನಂಬರ್ರು. ಅಡ್ಡಗೆರೆ ಬೇಡ ಅಂದ ದಿನ ನಾನು ಎದ್ದು ಬರ್ಲಿಲ್ಲ. ಆಮೇಲೂ ಎಂಟು ತಿಂಗಳು ಹೊಲ್ದೆ. ಇದು ನಂದೇ ಕೈ."

ಎಷ್ಟು ಜನಕ್ಕೆ ನಾನೇ ಬಾಯಿತುಂಬ ಹೇಳಿದ್ದ ಕತೆ! ಅವಳ ಮೇಲೆ ಅಸಹ್ಯವಾಯಿತು, ಕಾಲಿಟ್ಟ ನನ್ನ ಮೇಲೆ ಇನ್ನೂ ಹೆಚ್ಚು. ಬಡಗಿ ಚೀಟಿಯನ್ನೂ ಕಾರ್ಡನ್ನೂ ತಿರುಗಿಸಿ ನೋಡಿದ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

"ಹೊಲೀರಿ, ನಾನಿಲ್ಲೇ ಕೂತಿರ್ತೀನಿ," ಎಂದ ಕೊನೆಗೆ.

ಅಕ್ಕ ಎರಡೂ ಪಟ್ಟಿಗೆ ಚೌಕ ಹೊಲಿದಳು, ಅಡ್ಡಗೆರೆ ಎಳೆದಳು, ಅದರ ಮೇಲೇ ಮತ್ತೊಮ್ಮೆ ಎಳೆದಳು. ನಾನು ಮರಳಿನ ಬಕೆಟ್ ತರಲು ಎದ್ದೆ. ಬಡಗಿ ಬೇಡವೆಂದು ಕೈಯಾಡಿಸಿದ.

"ಚೀಲ ನೀವೇ ಹಾಕ್ಕೊಳ್ಳಿ. ಮಗೂನ ನಾನು ಕೂರಿಸ್ತೀನಿ."

ಅಕ್ಕ ಎರಡೂ ಪಟ್ಟಿಯನ್ನು ಮತ್ತೊಮ್ಮೆ ಜಗ್ಗಿ ನೋಡಿದಳು. ಆಮೇಲೆ ತೋಳು ತೂರಿಸಿ ಹಾಕಿಕೊಂಡಳು. ಅವನು ಮಗುವನ್ನು ಕೂರಿಸಿ, ಬಕಲ್ ಹಾಕಿ, ಬೀದಿಯ ಕೊನೆಯ ಕಂಬದವರೆಗೆ ಹೋಗಿ ಬನ್ನಿ ಎಂದ. ಅವಳ ಹಿಂದೆ ಅವನು, ಅವನ ಹಿಂದೆ ನಾನು. ಮಗು ಅಕ್ಕನ ಜಡೆ ಎಳೆದು ಕೇಕೆ ಹಾಕುತ್ತಿತ್ತು. ಪಟ್ಟಿ ಕೂದಲೆಳೆಯಷ್ಟೂ ಜರುಗಲಿಲ್ಲ. ಆದರೂ ಹೋಗುವಾಗಲೂ ಬರುವಾಗಲೂ ಅಕ್ಕ ಎರಡೂ ಕೈ ಹಿಂದಕ್ಕೆ ಕೊಟ್ಟು ಚೀಲದ ತಳವನ್ನು ಬಿಗಿಯಾಗಿ ಹಿಡಿದೇ ಇದ್ದಳು.