ವೀರನ ಬೆನ್ನ ಮೇಲಿನ ಬಟ್ಟೆ

ಬಣಕಲ್ ಪೇಟೆಯಲ್ಲಿ ನಮ್ಮ ಸ್ಕೂಲ್ ಚಡ್ಡಿ ಹೊಲಿಯುತ್ತಿದ್ದ ಟೈಲರ್, ಗಿರಾಕಿಗಳಿಲ್ಲದಾಗ ಹಳೆಯ ಇಂಗ್ಲಿಷ್ ಕಾಮಿಕ್ಸ್ ತೆರೆದುಕೊಂಡು ಕೂರುತ್ತಿದ್ದರು. ಯಾವುದೋ ಎಸ್ಟೇಟ್ ಬಂಗಲೆಯಿಂದ ರದ್ದಿಗೆ ಬಂದ ಪುಸ್ತಕಗಳು, ಎಲ್ಲವೂ ಒಬ್ಬನೇ ಚಿತ್ರಕಾರ ಬರೆದವು. ಆಕಾಶದಲ್ಲಿ ಹಾರುವ ವೀರನ ಮುಖವನ್ನಾಗಲಿ ಮುಷ್ಟಿಯನ್ನಾಗಲಿ ಅವರು ನೋಡುತ್ತಿರಲಿಲ್ಲ. ಅವನ ಬೆನ್ನಿಗೆ ಕಟ್ಟಿದ ಉದ್ದನೆಯ ಬಟ್ಟೆಯ ಮಡಿಕೆಗಳ ಮೇಲೆ ಬೆರಳಾಡಿಸುತ್ತ, "ಬಟ್ಟೆ ಬೀಳೋದ್ ನೋಡು ಮಾರಾಯ, ಇದ್ನ ಬರ್ದವ್ರಿಗೆ ಹೊಲಿಗೆ ಗೊತ್ತು," ಎನ್ನುತ್ತಿದ್ದರು.

ಕಾಗದಕ್ಕೆ ಬೂಷ್ಟು ಹಿಡಿಯದಿರಲೆಂದು ಮಳೆಗಾಲದಲ್ಲಿ ಆ ಪುಸ್ತಕಗಳ ಕಟ್ಟನ್ನು ಮನೆಯ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು. ಪುಟಗಳಿಗೆಲ್ಲ ಹೊಗೆಯ ವಾಸನೆ. ತೊಂಬತ್ತರ ದಶಕದ ಕೊನೆಗೆ ಅವರ ಮನೆಗೂ ಗ್ಯಾಸ್ ಬಂತು. ಹೆಂಡತಿಯ ಕೆಮ್ಮು ನಿಂತಿತೆಂದು ಬಂದವರಿಗೆಲ್ಲ ಹೇಳಿಕೊಂಡರು. ಒಲೆ ಆರಿದರೆ ಅಟ್ಟವೂ ತಣ್ಣಗಾಗುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಆ ವರ್ಷ ಮಳೆ ಮುಗಿದ ಮೇಲೆ ಕಟ್ಟನ್ನು ಇಳಿಸಿ ಬಿಚ್ಚಿದರೆ ಒಳಗೆ ಗೆದ್ದಲಿನ ಮಣ್ಣು ಮಾತ್ರ ಇತ್ತು.

ಆಮೇಲೆ ಅವರು ಗಿರಾಕಿಗಳೊಂದಿಗೆ ಅಳತೆಯ ಮಾತು ಬಿಟ್ಟು ಬೇರೇನೂ ಆಡದಾದರು. ನೋಡಲಾಗದೆ ನಾನು ಚಿಕ್ಕಮಗಳೂರಿನ ಹಳೆ ಪುಸ್ತಕದ ಅಂಗಡಿಯಿಂದ ಒಂದು ಕಾಮಿಕ್ಸ್ ತಂದುಕೊಟ್ಟೆ. ಎರಡು ಪುಟ ಮಗುಚಿ ವಾಪಸು ಕೊಟ್ಟರು.

"ಇದು ಬೇರೆಯವ್ರ ಕೈ."

"ನಿಮ್ಮ ಚಿತ್ರಕಾರರ ಹೆಸರು ಹೇಳಿ, ಬೆಂಗಳೂರಲ್ಲಾದ್ರೂ ಹುಡುಕಿಸ್ತೀನಿ," ಎಂದೆ.

ಅವರು ಮೆಷಿನ್ನಿನ ಚಕ್ರವನ್ನು ಸುಮ್ಮನೆ ತಿರುಗಿಸಿ, ಕೈಯಿಟ್ಟು ನಿಲ್ಲಿಸಿದರು.

"ಹೆಸ್ರು ಮೊದಲ್ನೇ ಪುಟದಲ್ಲೇ ಇತ್ತು. ಇಷ್ಟು ವರ್ಷ ಓದ್ಲೇ ಇಲ್ಲ ಮಾರಾಯ. ಬಟ್ಟೆ ನೋಡ್ತಾ ಕೂತ್ಬಿಟ್ಟೆ."