ಮನೆಯ ಕಾಫಿ ಹುರಿದ ದಿನ

ನಾನು ಮೂರನೇ ಕ್ಲಾಸಿನಲ್ಲಿದ್ದ ಕಾಲಕ್ಕೆ ತಾಯಲೂರಿನಲ್ಲಿ ಕಾಫಿ ಅಂದರೆ ಮುಳಬಾಗಿಲಿನ ಅಂಗಡಿಯಿಂದ ಬರುವ ಪೊಟ್ಟಣ, ಅಷ್ಟೇ. ಅದು ಗಿಡದಲ್ಲಿ ಬಿಡುತ್ತದೆ ಅಂದರೆ ಗೆಳತಿಯರು ನಗುತ್ತಿದ್ದರು. ನಮ್ಮ ಹಿತ್ತಲಲ್ಲಿ ಮಾತ್ರ, ಬಚ್ಚಲ ನೀರು ಹರಿಯುವಲ್ಲಿ, ಹಲಸಿನ ಮರದ ನೆರಳಿಗೆ ನಾಲ್ಕು ಕಾಫಿ ಗಿಡಗಳಿದ್ದವು. ಅಪ್ಪನ ತಂಗಿ ಸರೋಜತ್ತೆಯನ್ನು ಸಕಲೇಶಪುರದ ಕಡೆ ಕೊಟ್ಟಿದ್ದರು. ಮದುವೆಯಾದ ಮೊದಲ ದೀಪಾವಳಿಗೆ ಬಂದಾಗ ಅವಳೇ ಸಸಿಗಳನ್ನು ಹಾಲಿನಪುಡಿ ಡಬ್ಬಗಳಲ್ಲಿ ತಂದು ನೆಟ್ಟಿದ್ದಳು. "ಟೊಮ್ಯಾಟೊ ಬೆಳಿಯೋ ನೆಲದಾಗೆ ಕಾಫಿ ಅಂತೆ!" ಎಂದು ತಾತ ಗೇಲಿ ಮಾಡಿದ್ದರಂತೆ. ನಾಲ್ಕು ವರ್ಷದ ಮೇಲೆ ಗಿಡಗಳು ಮೈತುಂಬ ಹಣ್ಣು ಬಿಟ್ಟವು. ಅದೇ ವರ್ಷ ಅತ್ತೆಯೂ ಬೆನ್ನ ಮೇಲೆ ಬಾಸುಂಡೆ ಹೊತ್ತು ತವರಿಗೆ ಬಂದುಬಿಟ್ಟಳು.

"ಅಲ್ಲಿ ತೋಟ ಐತೆ, ಮನುಷ್ಯರಿಲ್ಲ," ಅಂದಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಅವಳು ಊರಿನ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಿದ್ದಳು. ತಾತ ಕಡ್ಡಿ ಮುರಿದಂತೆ ಹೇಳಿದ್ದರು: "ನಿನ್ನ ಗಂಡ ಕರ್ಕೊಂಡೋಗಕ್ಕೆ ಬರೋದ್ರೊಳಗೆ ಆರ್ಡರ್ ಬಂದ್ರೆ ಇಲ್ಲೇ ಇರಮ್ಮ. ಇಲ್ದಿದ್ರೆ ಹೋಗ್ಬೇಕು."

ನಾನೂ ಅತ್ತೆಯೂ ಹಣ್ಣು ಬಿಡಿಸಿದೆವು. ಕೈಯಲ್ಲೇ ಹಿಸುಕಿ ಸಿಪ್ಪೆ ತೆಗೆದು, ಬಕೆಟ್ಟಿನಲ್ಲಿ ನೆನೆಸಿ, ಲೋಳೆ ಹೋಗುವಂತೆ ತಿಕ್ಕಿ ತೊಳೆದು, ಮಹಡಿಯ ಮೇಲೆ ಗೋಣಿಚೀಲ ಹಾಸಿ ಒಣಗಿಸಿದೆವು. ಸಿಪ್ಪೆ ಸಿಹಿ, ಚೀಪಿ ಚೀಪಿ ನನ್ನ ಬಾಯೆಲ್ಲ ಅಂಟಂಟು. ಗಲಗಲ ಅನ್ನುವಷ್ಟು ಒಣಗಿದ ಮೇಲೆ ಅಜ್ಜಿ ಒರಳಲ್ಲಿ ಮೆಲ್ಲಗೆ ಕುಟ್ಟಿ ಮೊರದಲ್ಲಿ ಕೇರಿದಳು. ಹಸಿರು ಬೀಜ ಒಂದು ಡಬ್ಬಿಯಾಯಿತು. ಶುಕ್ರವಾರ ಹುರಿಯೋದು, ಮೊದಲ ಲೋಟ ನಿನಗೇ ಎಂದು ಅತ್ತೆ ಮಾತು ಕೊಟ್ಟಳು.

ಗುರುವಾರ ನನ್ನ ಹೊಟ್ಟೆಯ ಮೇಲೆ ನೀರುಗುಳ್ಳೆಗಳೆದ್ದವು.

"ಅಮ್ಮೋರು ಬಂದವ್ಳೆ," ಎಂದು ಅಜ್ಜಿ ಕೈಮುಗಿದಳು. ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು. ಅಮ್ಮೋರು ಮನೆಯಲ್ಲಿರುವಷ್ಟು ದಿನ ಒಗ್ಗರಣೆ ಇಲ್ಲ, ಕರಿಯುವಂತಿಲ್ಲ, ಹುರಿಯುವಂತಿಲ್ಲ. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಊರು ಬಿಡುವಂತಿಲ್ಲ. ಕತ್ತಲೆ ಕೋಣೆಯಲ್ಲಿ ಬೇವಿನೆಲೆ ಹಾಸಿ ನನ್ನನ್ನು ಮಲಗಿಸಿದರು. ಮೂರು ಹೊತ್ತೂ ಮಜ್ಜಿಗೆ ಅನ್ನ. ಬೀದಿಯಲ್ಲಿ ಕುಂಟೆಬಿಲ್ಲೆ ಆಡುವವರ ಗಲಾಟೆ ಕೇಳಿದರೆ ಅಳುವೇ ಬರುತ್ತಿತ್ತು. ಮೈಗೆ ಕೈ ಹಾಕಿದರೆ ಅಜ್ಜಿಯ ಗದರು: "ಏಮೇ, ಕೆರ್ಕೋಬ್ಯಾಡ ಅಂದ್ನಲ್ಲ!"

ಅತ್ತೆಯನ್ನು ಕರೆದೊಯ್ಯಲು ಮಾವ ಹೊರಟು ನಿಂತಿದ್ದನಂತೆ. "ಅಮ್ಮೋರು ಹೋಗ್ಲಿ, ತಿಳಿಸ್ತೀನಿ," ಎಂದು ತಾತ ಫೋನಿನಲ್ಲಿ ತಡೆದರು.

ಅತ್ತೆಗೆ ಚಿಕ್ಕಂದಿನಲ್ಲೇ ಅಮ್ಮೋರು ಆಗಿಹೋಗಿದ್ದರಿಂದ ಅವಳೇ ನನ್ನ ಜೊತೆಗಿದ್ದಳು. ಹಸಿ ಕಾಫಿ ಬೀಜ ಹಾಕಿಕೊಂಡು ಅಳಿಗುಳಿಮಣೆ ಆಡುತ್ತಿದ್ದೆವು. ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ ಕೇಳಿದರೆ ಆಟ ಬಿಟ್ಟು ಓಡುತ್ತಿದ್ದಳು, ಬರಿಗೈಯಲ್ಲಿ ಬಂದು ಮತ್ತೆ ಕೂರುತ್ತಿದ್ದಳು.

"ಯಾವಾಗತ್ತೆ ಹುರಿಯೋದು?" ದಿನಕ್ಕೆ ಹತ್ತು ಸಲ ನನ್ನದು ಇದೇ ರಾಗ.

"ಏನವಸರ ಕಣೇ ನಿಂಗೆ? ನೀನು ಮಲಗಿರೋವರ್ಗೂ ನಂಗೆ ನೆಮ್ಮದಿ."

ನನಗೆ ಮೈಯೆಲ್ಲ ಉರಿಯಿತು. ನಾನು ಜೈಲಿನಲ್ಲಿದ್ದರೆ ಇವಳಿಗೆ ನೆಮ್ಮದಿಯಂತೆ!

ಹನ್ನೊಂದನೇ ದಿನ ಸಂಜೆ ಅಜ್ಜಿ ಮೈಯೆಲ್ಲ ತಡವಿ ನೋಡಿ, "ಎಲ್ಲಾ ಉದುರೈತೆ, ಬೆಳಿಗ್ಗೆ ನೀರು ಹಾಕಿ ಅಮ್ಮೋರ್ನ ಕಳಿಸಣ," ಅಂದಳು. ಅತ್ತೆ ನನ್ನ ಕಿವಿ ಮಡಿಸಿ ತೋರಿಸಿದಳು. "ಇಲ್ಲೊಂದು ಹಕ್ಕಳೆ ಐತಮ್ಮ. ತಾನಾಗೇ ಬೀಳ್ಲಿ." ಅಜ್ಜಿ ಒಪ್ಪಿದಳು.

ಅತ್ತೆ ಆಚೆ ಹೋದಳು. ನಾನು ಉಗುರು ಹಾಕಿ ಆ ಹಕ್ಕಳೆಯನ್ನು ಕಿತ್ತೆಸೆದೆ. ರಕ್ತ ಬಂತು, ಬೇವಿನೆಲೆಯಲ್ಲಿ ಒರೆಸಿಕೊಂಡೆ.

ಬೆಳಿಗ್ಗೆ "ಅಜ್ಜಿ, ಅದೂ ಬಿದ್ದೋಯ್ತು!" ಎಂದು ಕೂಗಿದೆ. ಅತ್ತೆ ಬಂದು ಕಿವಿ ಮಡಿಸಿ ನೋಡಿದಳು. ಹಸಿ ಗಾಯ ಅವಳಿಗೆ ಕಾಣದೆ ಇರುತ್ತದೆಯೇ? ಅವಳ ಬೆರಳು ಅಲ್ಲೇ ನಿಂತಿತು. ಆಮೇಲೆ, "ಹೌದಮ್ಮ, ಬಿದ್ದೋಗೈತೆ," ಅಂದಳು.

ಬೇವಿನ ನೀರು ಹಾಕಿದರು. ಮಧ್ಯಾಹ್ನ ಅತ್ತೆಯೇ ಬಾಣಲೆಯಿಟ್ಟು ಬೀಜ ಹುರಿದಳು. ಚಟಚಟ ಸಿಡಿದು, ಹೊಗೆಯೆದ್ದು, ಬೀದಿಯೆಲ್ಲ ಘಮ್ಮೆಂದಿತು. ಎದುರು ಮನೆಯಾಕೆ ಜಗಲಿಯಿಂದಲೇ ಕೂಗಿದಳು: "ಅಮ್ಮೋರು ಹೋದ್ಲಾ?" "ಹೋದ್ಲು," ಅಂದಳು ಅಜ್ಜಿ. ತಾತ ಚಪ್ಪಲಿ ಮೆಟ್ಟಿ ಫೋನ್ ಮಾಡಲು ಹೊರಟರು.

ಅತ್ತೆ ಮಾತು ತಪ್ಪಲಿಲ್ಲ, ಮೊದಲ ಲೋಟ ನನಗೇ ಕೊಟ್ಟಳು. ಕಹಿ. ಇನ್ನೊಂದು ಚಮಚ ಸಕ್ಕರೆ ಬೇಕೆಂದು ಹಠ ಮಾಡಿದೆ.

ಮಾರನೇ ದಿನ ಮಾವ ಬಂದು, ಅದೇ ಕಾಫಿ ಕುಡಿದು, ಅವಳನ್ನು ಕರೆದುಕೊಂಡು ಹೋದ. ಮೂರೇ ದಿನಕ್ಕೆ ಆರ್ಡರ್ ಬಂತು. ತಾತ ಓದಿ, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು," ಎಂದು ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದರು. ಹನ್ನೊಂದು ದಿನದ ಕೋಣೆ ತಾಳಲಾರದೆ ನಾನು ಅವಳನ್ನು ಅವಳ ಕೋಣೆಗೆ ವಾಪಸ್ ಕಳಿಸಿದ್ದೆ.

ಹೊಸ ಬಚ್ಚಲು ಕಟ್ಟಿಸುವಾಗ ಗಿಡಗಳು ಹೋದವು. ಈಗ ನನ್ನ ಅಡುಗೆಮನೆಯಲ್ಲಿ ಮೂರು ಬಗೆಯ ಕಾಫಿಪುಡಿ ಇದೆ. ಆ ಮಧ್ಯಾಹ್ನದ ಘಮ ಯಾವುದರಲ್ಲೂ ಇಲ್ಲ. ಅತ್ತೆ ಆಮೇಲೆ ತವರಿಗೆ ಬಂದದ್ದು ಎರಡೇ ಸಲ, ಎರಡೂ ಸಾವಿಗೆ. ಅಜ್ಜಿ ಸತ್ತಾಗ ನನ್ನ ಪಕ್ಕ ಬಂದು ಕೂತಳು. ನನ್ನ ಕೂದಲು ಸರಿಸಿ, ಕಿವಿಯ ಹಿಂದೆ ಬೆರಳಾಡಿಸಿದಳು.

"ಕಲೆ ಹಂಗೇ ಉಳ್ಕೊಂಬಿಡ್ತಲ್ಲೇ," ಅಂದಳು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.